ಫ್ರೆಡ್ಡಿ ಮರ್ಕ್ಯುರಿ: ಹೇಳದೆ ಹಾಡಿದವನು

1988ರ ಏಪ್ರಿಲ್ 14. ನಮ್ಮಲ್ಲಿ ಅಂಬೇಡ್ಕರ್ ಜಯಂತಿ. ಅದೇ ರಾತ್ರಿ ಲಂಡನ್ನಿನ ಡೊಮಿನಿಯನ್ ಥಿಯೇಟರಿನಲ್ಲಿ ಟೈಮ್ ಎಂಬ ಸಂಗೀತ ನಾಟಕದ ವಿಶೇಷ ಪ್ರದರ್ಶನವೊಂದಿತ್ತು. ನಮ್ಮ ಕಡೆ ಹೇಳೋ ಹಾಗೆ ಹೇಳಿದರೆ, ಸಹಾಯಾರ್ಥ ಪ್ರದರ್ಶನ. ಶಾಲೆಯ ಕಟ್ಟಡಕ್ಕೋ ದೇವಸ್ಥಾನದ ಜೀರ್ಣೋದ್ಧಾರಕ್ಕೋ ನಾಟಕ ಕಂಪನಿಯವರು ಟಿಕೆಟ್ ಮಾರಿ ಒಂದು ರಾತ್ರಿ ಆಡಿಕೊಡ್ತಿದ್ರಲ್ಲ, ಹಾಗೆ. ಆವತ್ತಿನ ದುಡ್ಡು ಹೋಗಬೇಕಿದ್ದದ್ದು ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟ್‌ಗೆ, ಅಂದರೆ ಏಡ್ಸ್ ರೋಗಿಗಳ ನೆರವಿಗೆ ನಿಂತಿದ್ದ ಸಂಸ್ಥೆಗೆ. ಫ್ರೆಡ್ಡಿ ಮರ್ಕ್ಯುರಿ ವೇದಿಕೆಗೆ ಬಂದ, ಕೆಲವು ಹಾಡು ಹಾಡಿದ, ಚಪ್ಪಾಳೆ ತಗೊಂಡ, ಹೋದ.

ತನಗೇ ಎಚ್‌ಐವಿ ಇದೆ ಎಂಬುದು ಆತನಿಗೆ ಗೊತ್ತಾಗಿ ಆಗ ಸುಮಾರು ಒಂದು ವರ್ಷವಾಗಿತ್ತು. ಸಭಾಂಗಣದಲ್ಲಿ ಕೂತು ಚಪ್ಪಾಳೆ ತಟ್ಟಿದ ಜನಕ್ಕೆ ಅದು ಗೊತ್ತಿರಲಿಲ್ಲ. ಆತನೂ ಹೇಳಲಿಲ್ಲ. ಆಮೇಲೂ ಮೂರೂವರೆ ವರ್ಷ ಹೇಳಲಿಲ್ಲ. ಹೇಳಿದ್ದು 1991ರ ನವೆಂಬರ್ 23ರಂದು. ತೀರಿಕೊಂಡದ್ದು ಮರುದಿನ.

ನಾನು ಈಸೂರಿನವನು. ಶಿಕಾರಿಪುರ ತಾಲ್ಲೂಕಿನ ಈ ಊರಿನ ಹೆಸರನ್ನ ನೀವು ಶಾಲೆಯ ಪಾಠದಲ್ಲಿ ಓದಿರ್ತೀರಿ. 1942ರಲ್ಲಿ ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಏರಿಸಿ, ಇನ್ನು ನಮಗೆ ನಾವೇ ಸರ್ಕಾರ ಅಂತ ಸಾರಿಬಿಟ್ಟ ಊರು. ಮೀಸೆ ಚಿಗುರದ ಹುಡುಗರನ್ನು ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಅಂತ ನೇಮಿಸಿಕೊಂಡ ಊರು. ಅದಕ್ಕೆ ಬೆಲೆಯಾಗಿ 1943ರ ಮಾರ್ಚ್‌ನಲ್ಲಿ ನಮ್ಮೂರಿನ ಐದು ಜನ ಗಲ್ಲಿಗೇರಿದರು. ಇಂಥ ಊರಲ್ಲಿ ಬೆಳೆದವರಿಗೆ ಧೈರ್ಯ ಅಂದರೆ ಎದೆ ತಟ್ಟಿ, ಎಲ್ಲರಿಗೂ ಕೇಳೋ ಹಾಗೆ ಹೇಳೋದು ಅಂತಲೇ ಕಲಿಸಿರ್ತಾರೆ. ಸ್ವಾತಂತ್ರ್ಯ ದಿನದ ಭಾಷಣದಿಂದ ಹಿಡಿದು ಹೋಟೆಲ್ ಕಟ್ಟೆಯ ಜಗಳದವರೆಗೂ ಅದೇ ಅಳತೆಗೋಲು. ಹಾಗಾಗಿ ಫ್ರೆಡ್ಡಿಯ ಬದುಕಿನ ಬಗ್ಗೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಆತ ಬಾಯಿ ಬಿಡದೆ ಕಳೆದ ಆ ನಾಲ್ಕೂವರೆ ವರ್ಷಗಳೇ. ಹಾಡುಗಳ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದ್ದಾರೆ ಬಿಡಿ.

ಫ್ರೆಡ್ಡಿಯ ಹುಟ್ಟುಹೆಸರು ಫರೋಖ್ ಬುಲ್ಸಾರಾ. ಮನೆತನದ ಬೇರು ಗುಜರಾತಿನ ವಲ್ಸಾಡ್‌ನಲ್ಲಿ, ಅದರ ಹಳೇ ಹೆಸರು ಬುಲ್ಸಾರ್. ಪಾರ್ಸಿಗಳು. ತಂದೆ ಬೋಮಿ ಪೂರ್ವ ಆಫ್ರಿಕಾದ ಜಾಂಜಿಬಾರ್ ದ್ವೀಪದಲ್ಲಿ ಬ್ರಿಟಿಷ್ ಸರ್ಕಾರದ ಕಚೇರಿಯೊಂದರಲ್ಲಿ ಕ್ಯಾಷಿಯರ್. ತಾಯಿ ಜೇರ್. ಮಗ ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ನಮ್ಮೂರವರನ್ನು ಗಲ್ಲಿಗೇರಿಸಿದ ಮೂರೂವರೆ ವರ್ಷಕ್ಕೆ. ಅದೇ ಸಾಮ್ರಾಜ್ಯದ ಇನ್ನೊಂದು ಮೂಲೆಯಲ್ಲಿ. ನಮ್ಮದು ಮಹಾರಾಜರ ಮೈಸೂರು, ಅವರದು ಸುಲ್ತಾನರ ಜಾಂಜಿಬಾರ್. ಎರಡರ ಮೇಲೂ ನೆರಳು ಒಂದೇ.

ಎಂಟು ವರ್ಷಕ್ಕೆ ಹುಡುಗನನ್ನು ಹಡಗು ಹತ್ತಿಸಿ ಮಹಾರಾಷ್ಟ್ರದ ಪಂಚಗಣಿಗೆ ಕಳಿಸಿದರು. ಸೇಂಟ್ ಪೀಟರ್ಸ್ ಶಾಲೆ, ಇಂಗ್ಲಿಷ್ ಮಾದರಿಯ ಬೋರ್ಡಿಂಗ್. ಪಿಯಾನೋ ಕಲಿತದ್ದು, ಫ್ರೆಡ್ಡಿ ಅನ್ನೋ ಹೆಸರು ಅಂಟಿಕೊಂಡದ್ದು, ಹನ್ನೆರಡನೇ ವಯಸ್ಸಿಗೆ ಸಹಪಾಠಿಗಳ ಜೊತೆ ಹೆಕ್ಟಿಕ್ಸ್ ಅಂತ ಬ್ಯಾಂಡ್ ಕಟ್ಟಿದ್ದು ಎಲ್ಲಾ ಅಲ್ಲೇ. ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು, ಅದಕ್ಕೆ ಮುಂದಿನ ಹಲ್ಲು ಉಬ್ಬಿಕೊಂಡಿದ್ದವು, ಹುಡುಗರು ಆಡಿಕೊಳ್ತಿದ್ರು. ಆ ಹಲ್ಲನ್ನು ಕೊನೆಯವರೆಗೂ ಸರಿ ಮಾಡಿಸಿಕೊಳ್ಳಲಿಲ್ಲ, ದನಿ ಕೆಟ್ಟೀತು ಅನ್ನೋ ಭಯಕ್ಕೆ.

ಪಂಚಗಣಿ ನಿಂತಿರೋದು ಕೃಷ್ಣಾ ಕಣಿವೆಯ ಮೇಲೆ. ಪಕ್ಕದ ಮಹಾಬಳೇಶ್ವರದಲ್ಲಿ ಹುಟ್ಟುವ ಹೊಳೆ ಅದೇ ಬೆಟ್ಟಗಳ ಬುಡದಲ್ಲಿ ಹಾದು ಸಾತಾರಾ, ಸಾಂಗ್ಲಿ ದಾಟಿ ನಮ್ಮ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಬರುತ್ತದೆ. ಮುಂದೆ ತೊಂಬತ್ತರ ದಶಕದಲ್ಲಿ ಎಚ್‌ಐವಿ ಕರ್ನಾಟಕಕ್ಕೆ ಕಾಲಿಟ್ಟಾಗ ಅತಿ ಹೆಚ್ಚು ಪೆಟ್ಟು ತಿಂದ ಸೀಮೆಗಳಲ್ಲಿ ಈ ಕೃಷ್ಣೆಯ ದಂಡೆಯೂ ಒಂದು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ ಅದರ ಹೊರೆ ಹೊತ್ತ ಹೆಣ್ಣುಮಕ್ಕಳು ಅಲ್ಲಿದ್ದರು. ಮುಂಬೈ, ಸಾಂಗ್ಲಿ, ಪುಣೆಗೆ ದುಡಿಯೋಕೆ ಹೋಗಿ ಬರುವ ದಾರಿಯೂ ಅಲ್ಲೇ ಇತ್ತು. ಹೊಳೆಗೂ ಫ್ರೆಡ್ಡಿಗೂ ಸಂಬಂಧ ಕಟ್ಟೋಕೆ ಹೊರಟಿಲ್ಲ ನಾನು. ಏಡ್ಸ್ ಅಂದರೆ ಲಂಡನ್ನು, ನ್ಯೂಯಾರ್ಕಿನ ಕಥೆ ಅಂತ ನಾವು ಭಾವಿಸಿಕೊಂಡಿದ್ದೇವಲ್ಲ, ಅದಕ್ಕೆ ಹೇಳಿದೆ.

ಶಾಲೆ ಮುಗಿಸಿ ಹುಡುಗ ಜಾಂಜಿಬಾರ್‌ಗೆ ವಾಪಸ್ಸಾದ. 1964ರ ಜನವರಿಯಲ್ಲಿ ಅಲ್ಲಿ ಕ್ರಾಂತಿಯಾಯಿತು, ಸುಲ್ತಾನ ಓಡಿಹೋದ, ಅರಬರು ಮತ್ತು ಏಷ್ಯನ್ನರ ಮೇಲೆ ಹಿಂಸೆ ನಡೆಯಿತು. ಬುಲ್ಸಾರಾ ಕುಟುಂಬ ಗಂಟುಮೂಟೆ ಕಟ್ಟಿ ಇಂಗ್ಲೆಂಡಿನ ಫೆಲ್ತಮ್‌ಗೆ ಬಂದು ಬಿತ್ತು. ಹೀತ್ರೂ ವಿಮಾನ ನಿಲ್ದಾಣದ ಮಗ್ಗುಲಿನ ಊರು. ಫ್ರೆಡ್ಡಿ ಅದೇ ನಿಲ್ದಾಣದಲ್ಲಿ ಲಗೇಜು ಎತ್ತಿಹಾಕೋ ಕೆಲಸವನ್ನೂ ಮಾಡಿದ. ಈಲಿಂಗ್ ಕಲಾ ಕಾಲೇಜಿನಲ್ಲಿ ಗ್ರಾಫಿಕ್ ವಿನ್ಯಾಸ ಓದಿ 1969ರಲ್ಲಿ ಹೊರಬಿದ್ದ. ಕೆನ್ಸಿಂಗ್ಟನ್ ಮಾರುಕಟ್ಟೆಯಲ್ಲಿ ಗೆಳೆಯ ರೋಜರ್ ಟೇಲರ್ ಜೊತೆ ಹಳೇ ಬಟ್ಟೆ ಮಾರುವ ಅಂಗಡಿ ಇಟ್ಟ. ಬ್ರಿಟನ್ನಿನಲ್ಲಿ ಏಷ್ಯನ್ ವಲಸಿಗರ ವಿರುದ್ಧ ದ್ವೇಷ ಕುದಿಯುತ್ತಿದ್ದ ಕಾಲ ಅದು. 1968ರಲ್ಲಿ ಕೀನ್ಯಾದ ಏಷ್ಯನ್ನರು ಒಳಗೆ ಬರದಂತೆ ತಡೆಯೋಕೆ ಅಂತಲೇ ಕಾನೂನು ತಂದಿದ್ದರು. ಫರೋಖ್ ಬುಲ್ಸಾರಾ ಆ ಹೊತ್ತಿನಲ್ಲಿ ಫ್ರೆಡ್ಡಿ ಮರ್ಕ್ಯುರಿ ಆಗಿಬಿಟ್ಟ. ತನ್ನ ಮೂಲದ ಬಗ್ಗೆ ಆಮೇಲೆ ಹೆಚ್ಚು ಮಾತಾಡಲೇ ಇಲ್ಲ. ಬಚ್ಚಿಡೋದು ಆತನಿಗೆ ಕಾಯಿಲೆ ಕಲಿಸಿದ ವಿದ್ಯೆಯಲ್ಲ, ಅದಕ್ಕಿಂತ ಬಹಳ ಮೊದಲೇ ಕಲಿತಿದ್ದ.

1970ರಲ್ಲಿ ಬ್ರಯನ್ ಮೇ, ರೋಜರ್ ಟೇಲರ್ ಜೊತೆ ಸೇರಿ ಕಟ್ಟಿದ ಬ್ಯಾಂಡಿಗೆ ಕ್ವೀನ್ ಅಂತ ಹೆಸರಿಟ್ಟದ್ದು ಫ್ರೆಡ್ಡಿಯೇ. ಆ ಪದಕ್ಕೆ ಇಂಗ್ಲಿಷ್ ಆಡುಮಾತಿನಲ್ಲಿ ಇನ್ನೊಂದು ಅರ್ಥ ಇದೆ ಅಂತ ಎಲ್ಲರಿಗೂ ಗೊತ್ತಿತ್ತು, ಆತನಿಗೂ. ಮರುವರ್ಷ ಜಾನ್ ಡೀಕನ್ ಸೇರಿದ. 1975ರ ಬೊಹೀಮಿಯನ್ ರಾಪ್ಸಡಿ ಸುಮಾರು ಆರು ನಿಮಿಷದ ಹಾಡು. ಇಷ್ಟುದ್ದ ಇದ್ದರೆ ರೇಡಿಯೋದವರು ಹಾಕಲ್ಲ ಅಂತ ಕಂಪನಿ ಹೇಳಿತ್ತು. ಅದು ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ಕೂತಿತು. ಮುಂದಿನ ಹತ್ತು ವರ್ಷದ ಕಥೆ ಯೂಟ್ಯೂಬಿನಲ್ಲಿ ಸಿಗುತ್ತೆ, ನಾನಿಲ್ಲಿ ಹೇಳಬೇಕಾಗಿಲ್ಲ.

ಎರಡು ಸಂಗತಿ ಮಾತ್ರ ಹೇಳ್ತೀನಿ. 1984ರಲ್ಲಿ ಬಂದ ಒಂದು ಹಾಡಿನ ವಿಡಿಯೋದಲ್ಲಿ ನಾಲ್ಕೂ ಜನ ಹೆಂಗಸರ ವೇಷ ಹಾಕಿದರು. ಫ್ರೆಡ್ಡಿ ಮೀಸೆ ಇಟ್ಟುಕೊಂಡೇ ಸ್ಕರ್ಟ್ ತೊಟ್ಟು ಮನೆ ಗುಡಿಸುತ್ತಾನೆ. ಬ್ರಿಟನ್ ನಕ್ಕಿತು, ಅಮೆರಿಕಾ ಮುಖ ಸಿಂಡರಿಸಿತು. ನಮ್ಮ ಕಡೆಯವರಿಗೆ ಇದೇನು ದೊಡ್ಡ ಸಂಗತಿ ಅನಿಸಲ್ಲ. ಬಯಲಾಟ, ಯಕ್ಷಗಾನ, ಕಂಪನಿ ನಾಟಕ ಎಲ್ಲದರಲ್ಲೂ ಗಂಡಸರು ಸೀರೆ ಉಟ್ಟು ದ್ರೌಪದಿ ಆಗಿದ್ದಾರೆ, ಜನ ಕೈಮುಗಿದಿದ್ದಾರೆ, ಆಯೇರಿ ಮಾಡಿದ್ದಾರೆ. ಆದರೆ ಬೆಳಗಾದ ಮೇಲೆ ಅದೇ ಮನುಷ್ಯನ ನಡಿಗೆಯಲ್ಲಿ ರಾತ್ರಿಯ ಬಳುಕು ಉಳಿದಿದ್ದರೆ ಅಂಗಡಿ ಕಟ್ಟೆಯಲ್ಲಿ ಕೂತವರು ಬಿಡೋದಿಲ್ಲ. ವೇದಿಕೆ ಮೇಲೆ ಏನು ಬೇಕಾದರೂ ಆಗಬಹುದು, ಕೆಳಗಿಳಿದ ಮೇಲೆ ಲೆಕ್ಕ ಬೇರೆ. ಫ್ರೆಡ್ಡಿ ಈ ನಿಯಮವನ್ನು ಚೆನ್ನಾಗಿ ಬಲ್ಲವನಾಗಿದ್ದ. ಲಕ್ಷ ಜನರೆದುರು ಬೇಕಾದಷ್ಟು ಕುಣಿದ, ಸಂದರ್ಶನಗಳಲ್ಲಿ ಮಾತ್ರ ಜಾರಿಕೊಂಡ.

ಇನ್ನೊಂದು ಸಂಗತಿ ಅಷ್ಟು ಚೆಂದದ್ದಲ್ಲ. ಅದೇ 1984ರ ಅಕ್ಟೋಬರ್‌ನಲ್ಲಿ ಕ್ವೀನ್ ದಕ್ಷಿಣ ಆಫ್ರಿಕಾದ ಸನ್ ಸಿಟಿಗೆ ಹೋಗಿ ಸರಣಿ ಕಾರ್ಯಕ್ರಮ ಕೊಟ್ಟಿತು. ವರ್ಣಭೇದ ನೀತಿಯ ವಿರುದ್ಧ ವಿಶ್ವಸಂಸ್ಥೆ ಸಾಂಸ್ಕೃತಿಕ ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದ ಕಾಲ. ಬ್ರಿಟನ್ನಿನ ಸಂಗೀತಗಾರರ ಯೂನಿಯನ್ ದಂಡ ಹಾಕಿತು, ವಿಶ್ವಸಂಸ್ಥೆಯ ಕಪ್ಪುಪಟ್ಟಿಗೂ ಹೆಸರು ಸೇರಿತು. ತಾವು ರಾಜಕೀಯದವರಲ್ಲ ಅನ್ನೋದು ಅವರ ಸಮರ್ಥನೆಯಾಗಿತ್ತು. ಆಫ್ರಿಕಾದಲ್ಲಿ ಹುಟ್ಟಿ, ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದ ಮನುಷ್ಯ ಹಾಗೆ ಹೇಳಿದ್ದನ್ನು ನಾನು ಒಪ್ಪಲಾರೆ. ಫ್ರೆಡ್ಡಿಯನ್ನು ಹೋರಾಟಗಾರನ ಪಟದಲ್ಲಿ ಕೂರಿಸುವವರು ಸನ್ ಸಿಟಿಯನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು. ಮರುವರ್ಷ, 1985ರ ಜುಲೈ 13ರಂದು, ಇಥಿಯೋಪಿಯಾದ ಬರಕ್ಕಾಗಿ ನಡೆದ ಲೈವ್ ಏಯ್ಡ್‌ನಲ್ಲಿ ವೆಂಬ್ಲಿಯ 72,000 ಜನರ ಮುಂದೆ ಇಪ್ಪತ್ತು ನಿಮಿಷ ಹಾಡಿ ಜಗತ್ತನ್ನೇ ಗೆದ್ದದ್ದೂ ಇದೇ ತಂಡ.

2018ರ ಬೊಹೀಮಿಯನ್ ರಾಪ್ಸಡಿ ಸಿನಿಮಾ ನೋಡಿದವರಿಗೆ ನೆನಪಿರಬಹುದು: ಲೈವ್ ಏಯ್ಡ್‌ಗೆ ಮೊದಲೇ ಫ್ರೆಡ್ಡಿ ತನ್ನ ಕಾಯಿಲೆಯ ವಿಷಯವನ್ನು ಗೆಳೆಯರಿಗೆ ಹೇಳುತ್ತಾನೆ, ಎಲ್ಲರೂ ಅಪ್ಪಿಕೊಳ್ಳುತ್ತಾರೆ, ಆಮೇಲೆ ವೇದಿಕೆ. ಹಾಗಾಗಲೇ ಇಲ್ಲ. ರೋಗ ಪತ್ತೆಯಾದದ್ದು 1987ರಲ್ಲಿ. ಕಥೆಗೊಂದು ಎತ್ತರದ ಕ್ಷಣ ಬೇಕು ಅಂತ ಮನುಷ್ಯನ ಕಾಯಿಲೆಯನ್ನೇ ಎರಡು ವರ್ಷ ಹಿಂದಕ್ಕೆ ತಳ್ಳಿಬಿಟ್ಟರು. ಚೀನಾದಲ್ಲಂತೂ ಸಲಿಂಗ ಸಂಬಂಧದ ದೃಶ್ಯಗಳನ್ನೇ ಕತ್ತರಿಸಿ ತೋರಿಸಿದರು. ಡೊಮಿನಿಯನ್ ಥಿಯೇಟರಿನ ಆ ಏಪ್ರಿಲ್ ರಾತ್ರಿಗೆ ಸಿನಿಮಾದಲ್ಲಿ ಜಾಗವೇ ಇಲ್ಲ.

ಆ ರಾತ್ರಿಯ ದುಡ್ಡು ಪಡೆದ ಸಂಸ್ಥೆಯ ಹೆಸರಿನ ಮನುಷ್ಯನ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ಟೆರೆನ್ಸ್ ಹಿಗ್ಗಿನ್ಸ್ ಹಗಲಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಕಲಾಪದ ವರದಿ ಬರೆದುಕೊಳ್ಳುತ್ತಿದ್ದ, ರಾತ್ರಿ ಲಂಡನ್ನಿನ ಹೆವನ್ ಎಂಬ ಗೇ ಕ್ಲಬ್ಬಿನಲ್ಲಿ ಕೆಲಸ ಮಾಡುತ್ತಿದ್ದ. 1982ರ ಜುಲೈ 4ರಂದು ತೀರಿಕೊಂಡ. ಏಡ್ಸ್‌ನಿಂದ ಬ್ರಿಟನ್ನಿನಲ್ಲಿ ಸತ್ತ ಮೊದಲಿಗರಲ್ಲಿ ಒಬ್ಬ. ಸಂಗಾತಿ ರೂಪರ್ಟ್ ವಿಟೇಕರ್ ಮತ್ತು ಕೆಲವು ಗೆಳೆಯರು ಸೇರಿ ಆತನ ಹೆಸರಲ್ಲಿ ಸಂಸ್ಥೆ ಕಟ್ಟಿದರು. ಸತ್ತವನ ನಿಜವಾದ ಹೆಸರನ್ನೇ ಇಡೋಣ, ಆಗ ಇದು ಮನುಷ್ಯರಿಗೆ ಬರುವ ಕಾಯಿಲೆ ಅಂತ ಜನಕ್ಕೆ ತಿಳಿದೀತು ಅನ್ನೋದು ಅವರ ಲೆಕ್ಕ. ಸರ್ಕಾರ ಎಚ್ಚರವಾಗುವ ಮೊದಲು ಏಡ್ಸ್ ರೋಗಿಗಳ ಬಾಯಿಗೆ ನೀರು ಬಿಟ್ಟವರು ಇಂಥ ಗೆಳೆಯರ ಗುಂಪುಗಳೇ.

ಮನರಂಜನೆಯ ಲೋಕದ ದೊಡ್ಡವರು ಆಗ ಏನು ಮಾಡುತ್ತಿದ್ದರು? ಹಾಲಿವುಡ್ಡಿನ ರಾಕ್ ಹಡ್ಸನ್ 1985ರ ಜುಲೈನಲ್ಲಿ, ಸಾಯೋಕೆ ಎರಡು ತಿಂಗಳ ಮುಂಚೆ, ತನಗೆ ಏಡ್ಸ್ ಇದೆ ಎಂಬುದನ್ನು ವಕ್ತಾರರ ಮೂಲಕ ಹೇಳಿಸಿದ. ಆತ ಕೊಟ್ಟ ಎರಡೂವರೆ ಲಕ್ಷ ಡಾಲರ್ ಅಮೆರಿಕಾದ ಏಡ್ಸ್ ಸಂಶೋಧನಾ ಪ್ರತಿಷ್ಠಾನಕ್ಕೆ ಆರಂಭದ ಬಂಡವಾಳವಾಯಿತು. ಪಿಯಾನೋ ವಾದಕ ಲಿಬರಾಚೆಯ ದಾರಿ ಬೇರೆ. ಸಲಿಂಗಿ ಅಂತ ಸೂಚಿಸಿ ಬರೆದ ಲಂಡನ್ನಿನ ಡೈಲಿ ಮಿರರ್ ಮೇಲೆ 1959ರಲ್ಲಿ ಕೇಸು ಹಾಕಿ 8,000 ಪೌಂಡ್ ಗೆದ್ದವನು ಆತ. 1987ರ ಫೆಬ್ರವರಿಯಲ್ಲಿ ಏಡ್ಸ್‌ನಿಂದಲೇ ಸತ್ತಾಗ ಕಡೇ ಗಳಿಗೆಯವರೆಗೂ ಸುತ್ತಲಿನವರು ಅಲ್ಲವೆಂದರು, ಶವಪರೀಕ್ಷೆ ಹೌದೆಂದಿತು. ಆ ಸುದ್ದಿ ಪತ್ರಿಕೆಗಳಲ್ಲಿ ಇನ್ನೂ ಬಿಸಿಯಿರುವಾಗಲೇ ಫ್ರೆಡ್ಡಿಗೆ ತನ್ನ ವರದಿ ಕೈಸೇರಿದ್ದು.

ಅದೇ ವರ್ಷ ಹಳೆಯ ಮ್ಯಾನೇಜರ್ ಪಾಲ್ ಪ್ರೆಂಟರ್ ಫ್ರೆಡ್ಡಿಯ ಖಾಸಗಿ ಬದುಕನ್ನು ಸನ್ ಪತ್ರಿಕೆಗೆ ಮಾರಿಕೊಂಡ. ಯಾರ ಜೊತೆ ಇದ್ದ, ಅವರಲ್ಲಿ ಯಾರು ಸತ್ತರು, ಎಲ್ಲಾ. 1988ರ ಮೇ ತಿಂಗಳಲ್ಲಿ, ಅಂದರೆ ಸಹಾಯಾರ್ಥ ಪ್ರದರ್ಶನದ ಮರುತಿಂಗಳೇ, ಥ್ಯಾಚರ್ ಸರ್ಕಾರದ ಸೆಕ್ಷನ್ 28 ಜಾರಿಗೆ ಬಂತು. ಸ್ಥಳೀಯ ಸಂಸ್ಥೆಗಳು ಸಲಿಂಗ ಪ್ರೇಮವನ್ನು ಉತ್ತೇಜಿಸಬಾರದು ಅಂತ ಕಾನೂನು. ಶಾಲೆಯ ಮೇಷ್ಟ್ರುಗಳು ಆ ಪದ ಎತ್ತೋಕೂ ಹೆದರಿದರು. ಫ್ರೆಡ್ಡಿ ದಿನದಿನಕ್ಕೆ ಸೊರಗುತ್ತಿದ್ದ. ಪತ್ರಿಕೆಯವರು ಮನೆಯ ಗೋಡೆಯಾಚೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದರು. ಜೊತೆಯಲ್ಲಿ ಬಾಳುತ್ತಿದ್ದ ಐರಿಷ್ ಕ್ಷೌರಿಕ ಜಿಮ್ ಹಟನ್‌ನನ್ನು ಹೊರಗಿನವರಿಗೆ ತೋಟಗಾರ ಅಂತ ಪರಿಚಯಿಸಲಾಗುತ್ತಿತ್ತು. ಸೋಂಕು ಜಿಮ್‌ಗೂ ಇತ್ತು. ಆತ 2010ರವರೆಗೆ ಬದುಕಿದ.

ಹಾಗಾದರೆ ಹೇಳಿಬಿಡಬೇಕಿತ್ತಾ? ಬ್ರಿಟನ್ನಿನ ಕಾರ್ಯಕರ್ತರಲ್ಲಿ ಕೆಲವರು ಆವತ್ತೂ ಇದನ್ನೇ ಕೇಳಿದರು. ಫ್ರೆಡ್ಡಿ ಸಾಯುವ ಹದಿನೇಳು ದಿನ ಮುಂಚೆ, 1991ರ ನವೆಂಬರ್ 7ರಂದು, ಅಮೆರಿಕಾದ ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ಕ್ಯಾಮೆರಾಗಳ ಮುಂದೆ ನಿಂತು ತನಗೆ ಎಚ್‌ಐವಿ ಇದೆ ಅಂತ ಹೇಳಿದ್ದ. ಪರೀಕ್ಷೆ ಮಾಡಿಸಿಕೊಳ್ಳೋಕೆ ಜನ ಸಾಲುಗಟ್ಟಿದರು. ಫ್ರೆಡ್ಡಿ 1988ರಲ್ಲೇ ಹೇಳಿದ್ದರೆ ಎಷ್ಟು ಹುಡುಗರು ಎಚ್ಚರಗೊಳ್ಳುತ್ತಿದ್ದರೋ. ಈ ವಾದದಲ್ಲಿ ಹುರುಳಿದೆ. ಆದರೆ ಮ್ಯಾಜಿಕ್ ಜಾನ್ಸನ್ ಹೆಂಡತಿ ಇದ್ದ ಗಂಡಸು. ಸೋಂಕು ಹೆಣ್ಣಿನಿಂದ ಬಂತು ಅಂತ ಹೇಳಬಲ್ಲವನಾಗಿದ್ದ. ಇಬ್ಬರೂ ಕಟ್ಟಬೇಕಿದ್ದ ಬೆಲೆ ಒಂದೇ ಆಗಿರಲಿಲ್ಲ.

ಹೇಳಿದರೆ, ಅಥವಾ ಬೇರೆಯವರೇ ಹೇಳಿಬಿಟ್ಟರೆ ಏನಾಗುತ್ತಿತ್ತು ಅನ್ನೋದಕ್ಕೆ ನಮ್ಮ ಕಾರವಾರದ ಆಚೆಗೇ ಒಂದು ಉದಾಹರಣೆ ಇದೆ. ಗೋವಾದ ಡೊಮಿನಿಕ್ ಡಿಸೋಜಾ ತಾನಾಗಿ ಹೋಗಿ ರಕ್ತದಾನ ಮಾಡುತ್ತಿದ್ದ ಯುವಕ. ರಕ್ತದಲ್ಲಿ ಎಚ್‌ಐವಿ ಪತ್ತೆಯಾದಾಗ, 1989ರ ಫೆಬ್ರವರಿ 14ರಂದು, ಪೊಲೀಸರು ಹಿಡಿದುಕೊಂಡು ಹೋಗಿ ಪಾಳುಬಿದ್ದ ಕ್ಷಯ ಆಸ್ಪತ್ರೆಯ ಕೋಣೆಯಲ್ಲಿ ಕೂಡಿಹಾಕಿದರು. ಒಟ್ಟು 64 ದಿನ. ರೋಗಿಯನ್ನು ಕೂಡಿಹಾಕೋಕೆ ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯೇ ಅಧಿಕಾರ ಕೊಟ್ಟಿತ್ತು. ಆತನ ತಾಯಿ ಲೂಸಿ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಕೋರ್ಟು ಆ ಕಾಯ್ದೆ ಸರಿಯೇ ಇದೆ ಅಂದಿತು. ಹೊರಬಂದ ಡೊಮಿನಿಕ್ ಮುಖ ಮುಚ್ಚಿಕೊಳ್ಳಲಿಲ್ಲ, ಪಾಸಿಟಿವ್ ಪೀಪಲ್ ಎಂಬ ಸಂಘಟನೆ ಕಟ್ಟಿ 1992ರಲ್ಲಿ ತೀರಿಕೊಂಡ. ಫ್ರೆಡ್ಡಿಯ ಬಳಿ ಹಣವಿತ್ತು, ಎತ್ತರದ ಗೋಡೆಯ ಮನೆಯಿತ್ತು, ಬಾಯಿ ಮುಚ್ಚಿಕೊಂಡಿರುವ ಗೆಳೆಯರಿದ್ದರು. ಡೊಮಿನಿಕ್‌ಗೆ ಗುಟ್ಟು ಇಟ್ಟುಕೊಳ್ಳುವ ಅವಕಾಶವೇ ಸಿಗಲಿಲ್ಲ. ಗುಟ್ಟೂ ಒಂದು ಆಸ್ತಿ, ಅದೂ ಉಳ್ಳವರಿಗೇ ಸಿಗೋದು.

ಇವತ್ತಿಗೆ ಇದೆಲ್ಲ ಹಳೇ ಕಥೆ ಅಂತ ನಿಮಗನಿಸಬಹುದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸೋಂಕಿತರ ಗುಟ್ಟನ್ನು ಕಾಪಾಡಬೇಕು, ತಾರತಮ್ಯ ಮಾಡಕೂಡದು ಅನ್ನುತ್ತದೆ. ಅದು ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ಕ್ಕೆ. ಅದಕ್ಕೆ ನಾಲ್ಕು ದಿನ ಮೊದಲು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು 377ನೇ ಕಲಂನಿಂದ ಹೊರಗಿಟ್ಟಿತ್ತು. ಕಾಗದದ ಮೇಲೆ ಎಲ್ಲಾ ಸರಿಯಿದೆ. ಆಪ್ತ ಸಮಾಲೋಚಕಿಯಾಗಿ ದುಡಿದ ಗೆಳತಿಯೊಬ್ಬಳು ಹೇಳ್ತಾಳೆ, ಹತ್ತಿರದ ಎಆರ್‌ಟಿ ಕೇಂದ್ರ ಬಿಟ್ಟು ಪಕ್ಕದ ಜಿಲ್ಲೆಗೆ ಬಸ್ಸು ಹತ್ತುವವರು ಈಗಲೂ ಇದ್ದಾರಂತೆ. ಮಾತ್ರೆ ಎಲ್ಲಿ ತಗೊಂಡ್ರೂ ಒಂದೇ. ಸಾಲಲ್ಲಿ ಊರಿನವರು ಸಿಗಬಾರದು, ಅಷ್ಟೇ. ಬಸ್ ಚಾರ್ಜು, ಒಂದು ದಿನದ ಕೂಲಿ, ಮನೆಯಲ್ಲಿ ಹೇಳೋಕೊಂದು ಸುಳ್ಳು. ಗುಟ್ಟಿನ ಖರ್ಚು ತಿಂಗಳು ತಿಂಗಳು ಬೀಳುತ್ತೆ.

ನಂದೂ ಒಂದು ಲೆಕ್ಕ ಇದೆ. ಹಬ್ಬಕ್ಕೆ ಊರಿಗೆ ಹೋದಾಗ ಮದುವೆ ಯಾವಾಗ ಅಂತ ಅತ್ತೆ, ಚಿಕ್ಕಪ್ಪ ಎಲ್ಲಾ ಕೇಳ್ತಾರೆ. ನಾನು ಅಡಿಕೆ ರೇಟಿನ ಬಗ್ಗೆ ಮಾತಾಡ್ತೀನಿ, ಅವರೂ ಆ ಕಡೆ ಹೊರಳ್ತಾರೆ. ಇಷ್ಟು ಬರೆದರೆ ನಿಮಗೆ ಅರ್ಥ ಆಗಿರುತ್ತೆ. ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ಪ್ರೈಡ್ ಮೆರವಣಿಗೆಯಲ್ಲಿ ನಡೆಯೋ ಹುಡುಗರು, ಒಳಗೇ ಉಳಿದವರನ್ನು ಹೇಡಿಗಳು ಅಂತ ಕರೆಯೋದನ್ನ ಕೇಳಿದ್ದೀನಿ. ಆಗೆಲ್ಲ ನಮ್ಮೂರಿನದೇ ಕಥೆಯ ಇನ್ನರ್ಧ ನೆನಪಾಗುತ್ತೆ. ಭಾಷಣಗಳಲ್ಲಿ ಬರೋದು ಬಾವುಟ ಏರಿಸಿದ್ದು. ಆಮೇಲೆ ಪಡೆಗಳು ಊರಿಗೆ ನುಗ್ಗಿದಾಗ ಜನ ಕಾಡು ಸೇರಿದರು, ತಲೆಮರೆಸಿಕೊಂಡರು. ಸಾರಿ ಹೇಳಿದವರೇ ಬಚ್ಚಿಟ್ಟುಕೊಂಡವರು ಕೂಡ. ಅವರನ್ನು ಯಾರೂ ಹೇಡಿಗಳು ಅನ್ನಲಿಲ್ಲ.

1990ರ ಫೆಬ್ರವರಿ 18ರಂದು ಬ್ರಿಟ್ ಪ್ರಶಸ್ತಿ ಸ್ವೀಕರಿಸೋಕೆ ಬಂದದ್ದೇ ಫ್ರೆಡ್ಡಿ ಸಾರ್ವಜನಿಕವಾಗಿ ಕೊನೆಯ ಸಲ ವೇದಿಕೆ ಹತ್ತಿದ್ದು. ಅದೂ ಅದೇ ಡೊಮಿನಿಯನ್ ಥಿಯೇಟರಿನಲ್ಲೇ. ಕೆನ್ನೆ ಒಳಗೆ ಹೋಗಿತ್ತು. ಆಮೇಲಿನ ದಿನಗಳಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋ ಸ್ಟುಡಿಯೋದಲ್ಲಿ ನಿಲ್ಲೋಕೆ ಆಗದಿದ್ದರೂ ಹಾಡಿದ. ಉಳಿದವರು ಸಂಗೀತವನ್ನು ಆಮೇಲೆ ತುಂಬಿಕೊಳ್ಳಲಿ ಅಂತ ದನಿಯನ್ನಷ್ಟೇ ದಾಖಲಿಸಿಟ್ಟ. 1991ರ ನವೆಂಬರ್ 22ಕ್ಕೆ ಮ್ಯಾನೇಜರ್ ಜಿಮ್ ಬೀಚ್‌ನನ್ನು ಮನೆಗೆ ಕರೆಸಿ ಹೇಳಿಕೆ ತಯಾರು ಮಾಡಿಸಿದ. ಮರುದಿನ ಅದು ಹೊರಬಿತ್ತು. ತನಗೆ ಏಡ್ಸ್ ಇದೆ, ಸುತ್ತಲಿನವರ ಖಾಸಗಿತನ ಕಾಪಾಡೋಕೆ ಇಷ್ಟು ದಿನ ಹೇಳಿರಲಿಲ್ಲ, ಈ ರೋಗದ ವಿರುದ್ಧದ ಹೋರಾಟದಲ್ಲಿ ಎಲ್ಲರೂ ಜೊತೆಯಾಗಬೇಕು ಅನ್ನೋದು ಅದರ ಸಾರ. 24ರ ಸಂಜೆ ಪ್ರಾಣ ಹೋಯಿತು. ವಯಸ್ಸು 45. ಪಾರ್ಸಿ ಪುರೋಹಿತರು ಅಂತ್ಯಸಂಸ್ಕಾರದ ಪ್ರಾರ್ಥನೆ ಮಾಡಿದರು. ಬದುಕಿಡೀ ಬದಿಗಿಟ್ಟಿದ್ದ ಫರೋಖ್ ಬುಲ್ಸಾರಾ ಕೊನೆಗೆ ಅಲ್ಲಿ ಕಾಣಿಸಿಕೊಂಡ. ಈ ಕಾಯಿಲೆಯನ್ನು ಹತೋಟಿಯಲ್ಲಿಡುವ ಔಷಧ ಸಂಯೋಜನೆ ಬಂದದ್ದು 1996ರ ಹೊತ್ತಿಗೆ. ಐದು ವರ್ಷ ತಡವಾಗಿ.

ದುಡ್ಡಿನ ಕಥೆ ಅಲ್ಲಿಂದ ಶುರು. ಆ ಡಿಸೆಂಬರ್‌ನಲ್ಲಿ ಬೊಹೀಮಿಯನ್ ರಾಪ್ಸಡಿಯನ್ನು ಮತ್ತೆ ಬಿಡುಗಡೆ ಮಾಡಿದರು, ಮತ್ತೆ ಮೊದಲ ಸ್ಥಾನ ಹಿಡಿಯಿತು. ಬಂದ 10 ಲಕ್ಷ ಪೌಂಡ್‌ಗೂ ಹೆಚ್ಚು ಹಣ ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟ್‌ಗೆ ಹೋಯಿತು. ಮೂರೂವರೆ ವರ್ಷದ ಹಿಂದೆ ಬಾಯಿ ಮುಚ್ಚಿಕೊಂಡು ಹಾಡಿದ್ದು ಅದೇ ಸಂಸ್ಥೆಗೆ. 1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ನಡೆದ ನೆನಪಿನ ಕಾರ್ಯಕ್ರಮಕ್ಕೆ ಎಲ್ಟನ್ ಜಾನ್, ಡೇವಿಡ್ ಬೋವಿ, ಜಾರ್ಜ್ ಮೈಕಲ್, ಲೈಜಾ ಮಿನೆಲ್ಲಿ ಎಲ್ಲರೂ ಬಂದರು. ಎಲಿಜಬೆತ್ ಟೇಲರ್ ವೇದಿಕೆ ಮೇಲೆ ನಿಂತು 72,000 ಜನಕ್ಕೆ ಕಾಂಡೋಮ್ ಬಗ್ಗೆ ನೇರವಾಗಿ ಪಾಠ ಹೇಳಿದರು. ಅವತ್ತು ಹಾಡಿದ ಜಾರ್ಜ್ ಮೈಕಲ್ ಆಗ ತನ್ನ ಬಗ್ಗೆ ಹೊರಗೆ ಹೇಳಿಕೊಂಡಿರಲಿಲ್ಲ, ಹೇಳಿದ್ದು 1998ರಲ್ಲಿ. ಮರುವರ್ಷವೇ ಆತನ ಸಂಗಾತಿ ಆನ್ಸೆಲ್ಮೋ ಫೆಲೆಪ್ಪಾ ಏಡ್ಸ್‌ನಿಂದ ಕಣ್ಮುಚ್ಚಿದ. ಅಂದರೆ ಆ ವೇದಿಕೆಯ ಮೇಲೆ ಅವತ್ತೂ ಒಬ್ಬ ಹೇಳದೆಯೇ ಹಾಡುತ್ತಿದ್ದ.

ಆ ಕಾರ್ಯಕ್ರಮದ ಹಣದಿಂದ ಹುಟ್ಟಿದ್ದು ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್. ಅದೇ ವರ್ಷ ಎಲ್ಟನ್ ಜಾನ್ ತನ್ನದೇ ಏಡ್ಸ್ ಪ್ರತಿಷ್ಠಾನ ಕಟ್ಟಿದ. ಫೀನಿಕ್ಸ್ ಟ್ರಸ್ಟ್ ಮೂರು ದಶಕಗಳಿಂದ ಆಫ್ರಿಕಾ, ಏಷ್ಯಾದ ಸಣ್ಣಸಣ್ಣ ಸಂಸ್ಥೆಗಳಿಗೆ ಹಣ ಕೊಡುತ್ತಾ ಬಂದಿದೆ, ಭಾರತವೂ ಅದರಲ್ಲಿ ಸೇರಿದೆ. ದಾನದಿಂದಲೇ ಎಲ್ಲಾ ಆಯಿತು ಅನ್ನೋಕೆ ಮಾತ್ರ ನಾನು ತಯಾರಿಲ್ಲ. 2001ರಲ್ಲಿ ಸಿಪ್ಲಾ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ದರಕ್ಕೆ ಏಡ್ಸ್ ಔಷಧ ಕೊಡುತ್ತೇವೆ ಅಂದಾಗ, 2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿದಾಗ ಉಳಿದ ಜೀವಗಳ ಲೆಕ್ಕವೇ ಬೇರೆ. ಕ್ಲಬ್ಬು, ಸಂಗೀತ, ಸಿನಿಮಾದವರ ಚಂದಾ ಸರ್ಕಾರದ ಔಷಧಿಗೆ ಬದಲಿಯಾಗಲಾರದು. ಸರ್ಕಾರಗಳು ಮುಖ ತಿರುಗಿಸಿ ಕೂತಿದ್ದಾಗ ಅವರು ದೀಪ ಹಚ್ಚಿಟ್ಟಿದ್ದರು, ಅದಂತೂ ನಿಜ.

ನಮ್ಮ ಕನ್ನಡದ ಮನರಂಜನಾ ಲೋಕದಲ್ಲಿ ತಮ್ಮ ಬದುಕನ್ನು ಬಿಚ್ಚಿ ಹೇಳಿ ಗೌರವ ಗಳಿಸಿದ ಕಲಾವಿದರು ಯಾರು ಅಂತ ಹುಡುಕಿದರೆ, ಸಿಗೋದು ಗಾಂಧಿನಗರದಲ್ಲಲ್ಲ. ಬಸ್ ನಿಲ್ದಾಣಗಳಲ್ಲಿ ಬೇಡಿ, ಜೋಗತಿ ನೃತ್ಯ ಕಲಿತು, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಬಳಿ ಸಿಗುತ್ತದೆ. ಬಂಗಲೆ ಇದ್ದವರು ಬಚ್ಚಿಟ್ಟದ್ದನ್ನು ಬೀದಿಯಲ್ಲಿ ನಿಂತವರು ಹೇಳಿದರು.

ಫ್ರೆಡ್ಡಿಯ ಉಯಿಲಿನಲ್ಲಿ ಜಿಮ್ ಹಟನ್‌ಗೆ 5 ಲಕ್ಷ ಪೌಂಡ್ ಇತ್ತು. ಮನೆ ಮಾತ್ರ ಹಳೆಯ ಪ್ರೇಯಸಿ, ಕೊನೆಯವರೆಗಿನ ಗೆಳತಿ ಮೇರಿ ಆಸ್ಟಿನ್ ಪಾಲಿಗೆ ಹೋಯಿತು. ಕೆಲವೇ ತಿಂಗಳಲ್ಲಿ ಜಿಮ್ ಆ ಮನೆ ಬಿಡಬೇಕಾಯಿತು. ಆರು ವರ್ಷ ಜೊತೆ ಬಾಳಿ, ಕೊನೆಗಾಲದಲ್ಲಿ ಆರೈಕೆ ಮಾಡಿದವನಿಗೆ ಕಾನೂನಿನ ಕಣ್ಣಲ್ಲಿ ಯಾವ ಸಂಬಂಧವೂ ಇರಲಿಲ್ಲ. ಬ್ರಿಟನ್ ಅಂಥ ಸಂಬಂಧಕ್ಕೆ 2004ರಲ್ಲಿ ಕಾನೂನು ಮಾಡಿತು. ನಮ್ಮ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು, ಅದು ಸಂಸತ್ತಿನ ಕೆಲಸ ಅಂತ ಹೇಳಿ ಕೈತೊಳೆದುಕೊಂಡಿತು.

ಆ ತೀರ್ಪಿಗೆ ಒಂದು ತಿಂಗಳು ಮುಂಚೆ ಮೇರಿ ಆಸ್ಟಿನ್ ಮನೆಯಲ್ಲಿದ್ದ ಫ್ರೆಡ್ಡಿಯ ವಸ್ತುಗಳನ್ನು ಲಂಡನ್ನಿನ ಸದಬೀಸ್‌ನಲ್ಲಿ ಹರಾಜು ಹಾಕಿಸಿದರು. ಪಿಯಾನೋ ಒಂದೇ 17 ಲಕ್ಷ ಪೌಂಡ್‌ಗೆ ಹೋಯಿತು, ಒಟ್ಟು ಸುಮಾರು 4 ಕೋಟಿ ಪೌಂಡ್. ಅದರ ಒಂದು ಪಾಲನ್ನು ಫೀನಿಕ್ಸ್ ಟ್ರಸ್ಟ್‌ಗೂ ಎಲ್ಟನ್ ಜಾನ್‌ನ ಪ್ರತಿಷ್ಠಾನಕ್ಕೂ ಕೊಟ್ಟರು. ಫ್ರೆಡ್ಡಿಯ ಚಿತಾಭಸ್ಮವನ್ನು ಎಲ್ಲಿ ಇಟ್ಟಿದ್ದಾರೆ ಅನ್ನೋದನ್ನು ಮಾತ್ರ ಆಕೆ ಯಾರಿಗೂ ಹೇಳಿಲ್ಲ. ಹಾಗೆ ಹೇಳಬೇಡ ಅಂತ ಆತನೇ ಕೇಳಿಕೊಂಡಿದ್ದನಂತೆ.